ತೋಟದ ಮನೆಯ ಬಂದೂಕಿಗೆ ಲೈಟ್ ಆರಿಸುವುದು: ಕೈ ಟಾರ್ಚ್‌ನಿಂದ ಶುರುಮಾಡಿ

ತುಮಕೂರು ಜಿಲ್ಲೆಯ ತಿಪಟೂರು, ಗುಬ್ಬಿ, ತುರುವೇಕೆರೆ ಕಡೆ ತೋಟದ ಮನೆಗಳು ಊರಿಂದ ದೂರ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಹತ್ತಾರು ಸಾಲು ತೆಂಗು. ರಾತ್ರಿ ನಾಯಿ ಒಂದೇ ಸಮ ಬೊಗಳಿದರೆ ಎದ್ದು ನೋಡಬೇಕಾದವರು ಮನೆಯವರೇ. ಪಂಪ್‌ಸೆಟ್ಟಿನ ಕೇಬಲ್ ಕದಿಯೋನಿರಬಹುದು. ಕೊಬ್ಬರಿ ಅಟ್ಟದ ಮೇಲೆ ಕಣ್ಣಿಟ್ಟವನಿರಬಹುದು. ಚಿರತೆ ಇರಬಹುದು, ಪಾವಗಡ, ಮಧುಗಿರಿ ಕಡೆಯಾದರೆ ಕರಡಿಯೂ ಇರಬಹುದು. ಜಾಸ್ತಿ ಸಲ ಹಗ್ಗ ಬಿಚ್ಚಿಕೊಂಡು ಬಂದ ಪಕ್ಕದ ತೋಟದ ಎಮ್ಮೆ ಇರುತ್ತದೆ.

ಲೈಸೆನ್ಸ್ ಬಂದೂಕು ಇರುವ ಮನೆಗಳಲ್ಲಿ ಹುಡುಗರು ಮೊಬೈಲಿನಲ್ಲಿ ಅಮೆರಿಕದ ವಿಡಿಯೊ ನೋಡಿ, ನಮ್ಮದಕ್ಕೂ ಲೈಟ್ ಹಾಕಿಸೋಣ ಅಂತ ಕೇಳುತ್ತಾರೆ. ತಪ್ಪೇನಲ್ಲ. ಆದರೆ ಅಲ್ಲಿನ ಬಂದೂಕು ಬೇರೆ, ಅಲ್ಲಿನ ಮನೆ ಬೇರೆ, ಕಾನೂನಂತೂ ಪೂರ್ತಿ ಬೇರೆ. ಅದಕ್ಕೇ ಇಲ್ಲಿಯ ತೋಟದ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದೇ ಹೆಜ್ಜೆ ಬರೆದಿದ್ದೇನೆ.

ಮೊದಲು ಕೈಯಲ್ಲಿ, ಆಮೇಲೆ ಬಂದೂಕಿನಲ್ಲಿ

ಬಂದೂಕಿಗೆ ಕಟ್ಟಿದ ಲೈಟಿಗೆ ಒಂದು ದೊಡ್ಡ ದೋಷವಿದೆ. ನೀವು ಎಲ್ಲಿ ನೋಡಬೇಕೋ ಅಲ್ಲಿಗೆ ನಳಿಗೆಯೂ ತಿರುಗುತ್ತದೆ. ಬಚ್ಚಲಿಗೆ ಹೋಗಿದ್ದ ಅಜ್ಜ, ಜಾತ್ರೆ ಮುಗಿಸಿ ತಡವಾಗಿ ಬಂದ ಮಗ, ಶೆಡ್ಡಿನಲ್ಲಿ ಮಲಗುವ ಕೂಲಿಯವನು, ಯಾರೇ ಇರಲಿ, ಅವರ ಮುಖ ಕಾಣುವ ಹೊತ್ತಿಗೆ ಬಂದೂಕಿನ ಬಾಯಿ ಅವರ ಎದೆಯ ಮೇಲೆ ಇರುತ್ತದೆ. ಇದು ಆಗಬಾರದ ಕೆಲಸ.

ಹಾಗಾಗಿ ನನ್ನ ಲೆಕ್ಕದಲ್ಲಿ ದುಡ್ಡು ಹೀಗೆ ಖರ್ಚಾಗಬೇಕು. ಮೊದಲು ಅಂಗಳಕ್ಕೆ ಒಳಗಿನಿಂದಲೇ ಹಾಕಬಹುದಾದ ಸ್ವಿಚ್ ಇರುವ ಒಂದು ದೀಪ. ಕರೆಂಟ್ ಹೋದರೂ ಉರಿಯುವಂತೆ ಸೋಲಾರ್ ಅಥವಾ ಯುಪಿಎಸ್ ಮೇಲೆ ಇದ್ದರೆ ಒಳ್ಳೆಯದು. ಎರಡನೆಯದು ಒಳ್ಳೆ ಕೈ ಟಾರ್ಚ್, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದು. ಬಂದೂಕಿನ ಲೈಟ್ ಮೂರನೆಯದು. ಮೊದಲ ಎರಡೂ ಇಲ್ಲದೆ ಮೂರನೆಯದನ್ನು ತರೋಕೆ ಹೋಗಬೇಡಿ. ಹುಡುಕೋದು ಕೈ ಟಾರ್ಚಿನ ಕೆಲಸ. ಬಂದೂಕು ಎತ್ತಲೇಬೇಕಾಗಿ ಬಂದ ಕೊನೆ ಗಳಿಗೆಯಲ್ಲಿ, ಎದುರಿಗಿರುವುದು ಯಾರು, ಕೈಯಲ್ಲಿ ಏನಿದೆ ಅಂತ ಖಾತ್ರಿ ಮಾಡಿಕೊಳ್ಳೋಕೆ ಮಾತ್ರ ಬಂದೂಕಿನ ಲೈಟ್.

ಹೆಜ್ಜೆ 1: ಕಾನೂನು ನೋಡಿಕೊಳ್ಳಿ

ಲೈಸೆನ್ಸ್ ಪುಸ್ತಕ ತೆಗೆದು ಅವಧಿ ನೋಡಿ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಲೈಸೆನ್ಸ್ 5 ವರ್ಷಕ್ಕೆ ಸಿಗುತ್ತದೆ. ಒಬ್ಬರ ಹೆಸರಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಅಪ್ಪನ ಹೆಸರಿನ ಬಂದೂಕನ್ನು ಅಪ್ಪನ ಲೈಸೆನ್ಸ್ ಮೇಲೆ ಮಗ ಎತ್ತಿಕೊಂಡು ತೋಟ ಸುತ್ತುವಂತಿಲ್ಲ. ಇದು ಎಷ್ಟೋ ಮನೆಗಳಲ್ಲಿ ನಡೆಯುತ್ತೆ, ಆದರೆ ನಡೆಯುತ್ತೆ ಅಂದಮಾತ್ರಕ್ಕೆ ಸರಿಯಲ್ಲ.

ಶಸ್ತ್ರಾಸ್ತ್ರ ಕಾಯ್ದೆ 1959ರ 6ನೇ ಸೆಕ್ಷನ್ ಪ್ರಕಾರ ಅದಕ್ಕೆಂದೇ ಲೈಸೆನ್ಸ್ ಇಲ್ಲದೆ ನಳಿಗೆ ಮೊಟಕು ಮಾಡುವುದು ಅಪರಾಧ. ಲೈಟ್ ಕೂರಿಸುವ ನೆಪದಲ್ಲಿ ವೆಲ್ಡಿಂಗ್ ಅಂಗಡಿಗೆ ಬಂದೂಕು ಒಯ್ಯಬೇಡಿ. ಕೊರೆಯೋದು, ಕತ್ತರಿಸೋದು, ಬೆಸುಗೆ ಹಾಕೋದು ಯಾವುದೂ ಬೇಡ. ಬಿಚ್ಚಿ ತೆಗೆಯಬಹುದಾದ ಕ್ಲಾಂಪ್ ಮಾತ್ರ ಸಾಕು. ಅದನ್ನೂ ಕೊಳ್ಳುವ ಮೊದಲು ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲಿ ಮತ್ತು ನಿಮ್ಮ ಠಾಣೆಯಲ್ಲಿ ಒಂದು ಮಾತು ಕೇಳಿ. ಲೇಸರ್, ರಾತ್ರಿ ಕಾಣುವ ದುರ್ಬೀನು ಅಂತ ಆನ್‌ಲೈನಿನಲ್ಲಿ ಕಂಡದ್ದನ್ನೆಲ್ಲ ಸುಮ್ನೆ ತರಿಸಿಕೊಳ್ಳಬೇಡಿ.

ಇನ್ನೊಂದು ವಿಷಯ ನಮ್ಮ ಜಿಲ್ಲೆಗೆ ಮುಖ್ಯ. ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯಲ್ಲಿ ಕೃಷ್ಣಮೃಗಗಳ ಜಯಮಂಗಲಿ ಸಂರಕ್ಷಣಾ ಪ್ರದೇಶ ಇದೆ. ಶಿರಾ ಕಡೆ ಬುಕ್ಕಾಪಟ್ಟಣ ಚಿಂಕಾರ (ಒಂದು ಬಗೆಯ ಸಣ್ಣ ಹುಲ್ಲೆ) ಧಾಮ. ಇಂಥ ಕಡೆ ಅಥವಾ ದೇವರಾಯನದುರ್ಗದ ಕಾಡಂಚಿನಲ್ಲಿ ರಾತ್ರಿ ಲೈಟ್ ಕಟ್ಟಿದ ಬಂದೂಕು ಹಿಡಿದು ನಿಂತವನನ್ನು ಅರಣ್ಯ ಸಿಬ್ಬಂದಿ ಬೇಟೆಗಾರ ಅಂತಲೇ ತಿಳಿಯುತ್ತಾರೆ. ತಿಳಿಯದೆ ಏನು ಮಾಡ್ತಾರೆ? ಮೊಲಕ್ಕೂ ಹಂದಿಗೂ ಹೋಗೋರು ಹೀಗೇ ಅಲ್ವಾ ಹೋಗೋದು? ಚಿರತೆ, ಕರಡಿ, ಕೃಷ್ಣಮೃಗ ಮೂರೂ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಪಟ್ಟಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿವೆ. ಪ್ರಾಣಕ್ಕೆ ಬಂದಾಗ ಪ್ರಾಣ ಉಳಿಸಿಕೊಂಡದ್ದು ಅಪರಾಧವಲ್ಲ ಅಂತ ಅದೇ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ. ಆದರೆ ತೋಟಕ್ಕೆ ಬಂದಿತ್ತು ಅಂತ ಹುಡುಕಿಕೊಂಡು ಹೋಗಿ ಹೊಡೆದರೆ ಆ ರಕ್ಷಣೆ ಸಿಗದು. ಪ್ರಾಣಿ ಕಂಡರೆ ಒಳಗೆ ಬಂದು ಬಾಗಿಲು ಹಾಕಿ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಮನುಷ್ಯರಾದರೆ 112.

ಕಳ್ಳನ ವಿಷಯಕ್ಕೆ ಬಂದರೆ, ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ರಾತ್ರಿ ಮನೆಗೆ ಕನ್ನ ಹಾಕಿದವನ ಎದುರು ಆ ಹಕ್ಕು ಹೆಚ್ಚು. ಹಾಗಂತ ತೆಂಗಿನಕಾಯಿ ಚೀಲ ಬಿಟ್ಟು ಓಡುತ್ತಿರುವವನ ಬೆನ್ನಿಗೆ ಹೊಡೆಯುವ ಹಕ್ಕು ಅಲ್ಲಿಲ್ಲ. ಅಗತ್ಯಕ್ಕಿಂತ ಜಾಸ್ತಿ ಹಾನಿ ಮಾಡಬಾರದು ಅಂತ 37ನೇ ಸೆಕ್ಷನ್ ನೇರವಾಗಿ ಹೇಳುತ್ತದೆ. ಅವನು ಬರುತ್ತಿದ್ದಾನೋ ಓಡುತ್ತಿದ್ದಾನೋ, ಕೈಯಲ್ಲಿ ಮಚ್ಚಿದೆಯೋ ಬರಿಗೈಯೋ ಅನ್ನೋದು ಬೆಳಕಿಲ್ಲದೆ ಹೇಗೆ ಗೊತ್ತಾಗಬೇಕು? ಲೈಟ್ ಬೇಕಾಗಿರುವುದೇ ಇದಕ್ಕೆ.

ಹೆಜ್ಜೆ 2: ದೂರ ಅಳೆಯಿರಿ

ಟೇಪು ಬೇಕಿಲ್ಲ, ತೆಂಗಿನ ಮರಗಳಿವೆ. ಸಾಲಿಂದ ಸಾಲಿಗೆ ಸಾಮಾನ್ಯವಾಗಿ 25ರಿಂದ 30 ಅಡಿ ಬಿಟ್ಟಿರುತ್ತಾರೆ. ಜಗುಲಿ ಮೇಲೆ ನಿಂತು ಎಣಿಸಿ. ನಾಲ್ಕನೇ ಸಾಲು ಅಂದರೆ ಹೆಚ್ಚುಕಮ್ಮಿ 30 ಮೀಟರ್. ಆರನೇ ಸಾಲು ಅಂದರೆ 50 ಮೀಟರ್ ಹತ್ತಿರ. ಅಡಿಕೆ ತೋಟವಾದರೆ 9 ಅಡಿಗೊಂದು ಗಿಡ. ಅಲ್ಲಿ ಕಾಂಡಗಳೇ ಅಡ್ಡ ಬಂದು ಅಷ್ಟು ದೂರ ಹೇಗೂ ಕಾಣುವುದಿಲ್ಲ.

ಹನ್ನೆರಡು ಬೋರಿನ (ಬೋರು ಅಂದರೆ ನಳಿಗೆಯ ಅಳತೆ) ಚರೆ ಕಾರ್ಟ್ರಿಜ್, ಅಂದರೆ ಸಣ್ಣ ಸಣ್ಣ ಗುಂಡು ತುಂಬಿದ್ದು, 40 ಮೀಟರ್ ದಾಟಿದರೆ ಚದುರಿಹೋಗುತ್ತದೆ. ಯಾವ ಚರೆ ಎಲ್ಲಿ ಬೀಳುತ್ತೆ ಅಂತ ಹೇಳೋಕಾಗಲ್ಲ. ಹಾಗಿದ್ದಮೇಲೆ ಬಂದೂಕಿನ ಮೇಲೆ ಅರ್ಧ ಕಿಲೋಮೀಟರ್ ಹೊಡೆಯುವ ಲೈಟ್ ಯಾಕೆ? ಆರು ಸಾಲು ತೆಂಗಿನವರೆಗೆ ಚೆನ್ನಾಗಿ ಕಂಡರೆ ಸಾಕು. ಅದರಾಚೆ ಏನಿದೆ ಅಂತ ನೋಡೋಕೆ ಕೈ ಟಾರ್ಚ್ ದೊಡ್ಡದಿರಲಿ.

ಮನೆಯೊಳಗಿನ ಲೆಕ್ಕ ಬೇರೆ. ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ಐದಾರು ಮೀಟರ್. ಅದೂ ಸುಣ್ಣ ಬಳಿದ ಗೋಡೆಯಾದರೆ ಬೆಳಕು ವಾಪಸ್ ನಿಮ್ಮ ಕಣ್ಣಿಗೇ ಹೊಡೆಯುತ್ತದೆ.

ಹೆಜ್ಜೆ 3: ಲುಮೆನ್ ನೋಡಿ ಮೋಸಹೋಗಬೇಡಿ

ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವುದು ಲುಮೆನ್. ಅದು ಟಾರ್ಚ್ ಹೊರಗೆ ಬಿಡುವ ಒಟ್ಟು ಬೆಳಕು. ಆ ಬೆಳಕು ಒಂದು ಕಡೆ ಎಷ್ಟು ಗಟ್ಟಿಯಾಗಿ ಬೀಳುತ್ತದೆ ಅನ್ನೋದು ಕ್ಯಾಂಡೆಲಾ. ಒಂದೇ ಲುಮೆನ್ ಇರುವ ಎರಡು ಟಾರ್ಚ್ ತಗೊಳ್ಳಿ. ಒಂದು ಅಂಗಳವನ್ನೆಲ್ಲ ತೆಳ್ಳಗೆ ತುಂಬಬಹುದು, ಇನ್ನೊಂದು ದೂರದ ಒಂದೇ ಮರದ ಬುಡಕ್ಕೆ ಗೂಟ ಹೊಡೆದಂತೆ ಬೀಳಬಹುದು. ಎರಡೂ ಅಂಕಿ ನೋಡಬೇಕು.

ಲೆಕ್ಕ ಸುಲಭ. ಕ್ಯಾಂಡೆಲಾವನ್ನು ದೂರದ ವರ್ಗದಿಂದ ಭಾಗಿಸಿದರೆ ಅಲ್ಲಿ ಬೀಳುವ ಬೆಳಕು ಲಕ್ಸ್‌ನಲ್ಲಿ ಸಿಗುತ್ತದೆ. 10,000 ಕ್ಯಾಂಡೆಲಾ ಟಾರ್ಚ್ 10 ಮೀಟರಿನಲ್ಲಿ 100 ಲಕ್ಸ್ ಕೊಡುತ್ತದೆ. 50 ಮೀಟರಿನಲ್ಲಿ ಬರೀ 4. ಅಂದರೆ ದೂರ ಐದು ಪಟ್ಟಾದರೆ ಬೆಳಕು ಇಪ್ಪತ್ತೈದನೇ ಒಂದು ಪಾಲಿಗೆ ಇಳಿಯಿತು. ಡಬ್ಬದ ಮೇಲೆ '200 ಮೀಟರ್' ಅಂತ ಹಾಕಿರುತ್ತಾರಲ್ಲ, ಅದು ಬೆಳಕು 0.25 ಲಕ್ಸ್‌ಗೆ ಇಳಿಯುವ ದೂರ. ಹುಣ್ಣಿಮೆ ಬೆಳದಿಂಗಳಿನಷ್ಟು ಅಂತ ಇಟ್ಟುಕೊಳ್ಳಿ. ಅಷ್ಟು ಬೆಳಕಿನಲ್ಲಿ ಏನೋ ನಿಂತಿದೆ ಅಂತ ಗೊತ್ತಾಗಬಹುದು, ಯಾರು ಅಂತ ಗೊತ್ತಾಗಲ್ಲ. ಬರೆದ ದೂರದ ಕಾಲುಭಾಗವನ್ನಷ್ಟೇ ನಂಬಿ.

ಅಂಗಡಿಯಲ್ಲಿ ಸಿಗುವ ಹೆಸರಿಲ್ಲದ ಟಾರ್ಚ್‌ಗಳ ಮೇಲಿನ ಅಂಕಿ ನಂಬುವಂಥದ್ದಲ್ಲ. ನೀವೇ ಪರೀಕ್ಷೆ ಮಾಡಿ. ಮೊಬೈಲಿಗೆ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಳ್ಳಿ. ಕತ್ತಲೆ ಕೋಣೆಯಲ್ಲಿ ಮೊಬೈಲನ್ನು ಗೋಡೆಗೆ ಒರಗಿಸಿ, 5 ಮೀಟರ್ ದೂರದಿಂದ ಅದರ ಮೇಲ್ಭಾಗದ ಸೆನ್ಸರಿಗೆ ಟಾರ್ಚ್ ಬಿಡಿ. ಬಂದ ಅಂಕಿಯನ್ನು 25ರಿಂದ ಗುಣಿಸಿ. 400 ತೋರಿಸಿದರೆ 10,000 ಕ್ಯಾಂಡೆಲಾ. ಮೊಬೈಲಿನ ಅಳತೆ ಕರಾರುವಾಕ್ಕಲ್ಲ. ಆದರೆ ಒಂದೇ ಮೊಬೈಲಿನಲ್ಲಿ ಎರಡು ಟಾರ್ಚ್ ಅಳೆದರೆ ಯಾವುದು ಮೇಲು ಅಂತ ಗೊತ್ತಾಗೇ ಆಗುತ್ತದೆ. ಐದು ನಿಮಿಷ ಉರಿಸಿಟ್ಟು ಮತ್ತೊಮ್ಮೆ ಅಳೆಯಿರಿ. ಕೆಲವು ಟಾರ್ಚ್ ಬಿಸಿಯಾದ ಕೂಡಲೇ ಅರ್ಧಕ್ಕೆ ಇಳಿಯುತ್ತವೆ.

ಎಷ್ಟು ಬೇಕು? ಮನೆ ಮತ್ತು ಅಂಗಳಕ್ಕೆ ಬಂದೂಕಿನ ಮೇಲೆ 500ರಿಂದ 1,000 ಲುಮೆನ್, 10,000ದಿಂದ 20,000 ಕ್ಯಾಂಡೆಲಾ. ಹೋಲಿಕೆಗೆ ಹೇಳುವುದಾದರೆ, ಅಮೆರಿಕದ ರೆಮಿಂಗ್ಟನ್ 870, ಮಾಸ್‌ಬರ್ಗ್ 500 ಪಂಪ್ ಬಂದೂಕುಗಳಿಗೆ ಸ್ಟ್ರೀಮ್‌ಲೈಟ್ ಕಂಪನಿ ಮಾಡುವ ಟಿಎಲ್-ರ‍್ಯಾಕರ್ ಲೈಟ್ 1,000 ಲುಮೆನ್, 20,000 ಕ್ಯಾಂಡೆಲಾ. ಅಲ್ಲಿನವರಿಗೇ ಅಷ್ಟು ಸಾಕಾಗಿದೆ. ನಿಮ್ಮ ಕೈ ಟಾರ್ಚ್ ಮಾತ್ರ ಇದಕ್ಕಿಂತ ಜೋರಿರಲಿ, 30,000 ಕ್ಯಾಂಡೆಲಾ ದಾಟಿರಲಿ. ರಾತ್ರಿ ಪಾಳಿ ಕರೆಂಟ್ ಬಂದಾಗ ಮೋಟಾರ್ ಹಾಕೋಕೆ ಹೋಗುವವರು ಕಾಲಡಿ ನೋಡೋಕೆ ಸುತ್ತಲೂ ಹರಡುವ ಬೆಳಕೂ ಇರುವುದನ್ನೇ ತಗೊಳ್ಳಿ. ದೂರದ ಚಿರತೆಗಿಂತ ಬದುವಿನ ಮೇಲಿನ ಮಂಡಲದ ಹಾವೇ ಹತ್ತಿರ.

ಬಣ್ಣದ ವಿಷಯ ಒಂದೇ ಮಾತು: ನೀಲಿ ಮಿಶ್ರಿತ ಬಿಳಿಗಿಂತ 4,000ದಿಂದ 5,000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ನಡುವಿನ ಬಿಳಿ ಒಳ್ಳೆಯದು. ಡಿಸೆಂಬರ್ ಮಂಜಿನಲ್ಲಿ, ಧೂಳಿನಲ್ಲಿ ಕಣ್ಣಿಗೆ ಹಿತ. ಒಣ ಗರಿ ಯಾವುದು, ಪ್ರಾಣಿಯ ಮೈ ಯಾವುದು ಅಂತಲೂ ಬೇಗ ತಿಳಿಯುತ್ತದೆ.

ಹೆಜ್ಜೆ 4: ಸೆಲ್

ಎರಡೇ ದಾರಿ. ದಿನಾ ಬಳಸುವ ಕೈ ಟಾರ್ಚಿಗೆ ಚಾರ್ಜ್ ಆಗುವ 18650 ಅಥವಾ 21700 (ಇವು ಗಾತ್ರದ ಹೆಸರು) ಸೆಲ್. ತಿಂಗಳುಗಟ್ಟಲೆ ಬೀರುವಿನಲ್ಲಿ ಕೂರುವ ಬಂದೂಕಿನ ಲೈಟಿಗೆ ಸಿಆರ್123ಎ ಲಿಥಿಯಂ ಸೆಲ್. ಇದು 3 ವೋಲ್ಟಿನದು, ಚಾರ್ಜ್ ಮಾಡುವಂಥದ್ದಲ್ಲ, ಆದರೆ ಹತ್ತು ವರ್ಷ ಇಟ್ಟರೂ ಶಕ್ತಿ ಹೆಚ್ಚು ಇಳಿಯುವುದಿಲ್ಲ. ಹಳೇದು ಹೊಸದು ಬೆರೆಸಿ ಎರಡು ಸಿಆರ್123ಎ ಹಾಕಬೇಡಿ. ಬಿಸಿಯಾಗಿ ಒಡೆದ ಉದಾಹರಣೆಗಳಿವೆ. ಮಾಮೂಲಿ ಪೆನ್‌ಸೆಲ್ ಹಾಕಿಟ್ಟು ಮರೆತರೆ ಸೋರಿ, ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿಯುತ್ತದೆ.

18650 ಕೊಳ್ಳುವಾಗ ಹುಷಾರು. ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ ಎಂಎಎಚ್; '9900 ಎಂಎಎಚ್' ಅಂತ ಬರೆದಿದ್ದರೆ ಅದು ಸುಳ್ಳು. ಆ ಗಾತ್ರದ ಒಳ್ಳೆಯ ಸೆಲ್ಲಿನಲ್ಲಿ 3,500 ಎಂಎಎಚ್ ಸುತ್ತಮುತ್ತ ಇರುತ್ತದೆ, ಅಷ್ಟೇ. ಕಿರಾಣಿ ಅಂಗಡಿಯ ಸಣ್ಣ ತಕ್ಕಡಿಯಲ್ಲಿ ತೂಗಿಸಿ ನೋಡಿ. ಅಸಲಿ 45 ಗ್ರಾಂ ಹತ್ತಿರ ತೂಗುತ್ತದೆ. ಅದಕ್ಕಿಂತ ತೀರಾ ಹಗುರ ಬಂದರೆ ವಾಪಸ್ ಕೊಡಿ.

ಹೆಜ್ಜೆ 5: ಸ್ವಿಚ್

ಒತ್ತಿದರೆ ಹತ್ತಬೇಕು, ಬಿಟ್ಟರೆ ಆರಬೇಕು, ಮೊದಲ ಒತ್ತಿಗೇ ಪೂರ್ತಿ ಬೆಳಕು ಬರಬೇಕು. ಮೂರು ಸಲ ಒತ್ತಿದರೆ ಜೋರು, ಆರು ಸಲ ಒತ್ತಿದರೆ ಮಿಣುಕು ಅನ್ನುವಂಥದ್ದು ಬಂದೂಕಿನ ಮೇಲೆ ಬೇಡವೇ ಬೇಡ. ಪಟಪಟ ಮಿನುಗುವ ಸ್ಟ್ರೋಬ್ ಕಳ್ಳನಿಗಿಂತ ನಿಮ್ಮ ಕಣ್ಣನ್ನೇ ಕೆಡಿಸುತ್ತದೆ. ಎಡಗೈ ಹೆಬ್ಬೆರಳು ಸಹಜವಾಗಿ ಎಲ್ಲಿ ಕೂರುತ್ತೋ ಅಲ್ಲೇ ಸ್ವಿಚ್ ಇರಲಿ. ಟ್ರಿಗರ್ ಇರುವ ಕೈಗೆ ಲೈಟಿನ ಕೆಲಸ ಕೊಡಲೇಬಾರದು. ಗಾಬರಿಯಲ್ಲಿ ಒಂದು ಬೆರಳು ಒತ್ತಿದರೆ ಪಕ್ಕದ ಬೆರಳೂ ಬಿಗಿಯುತ್ತದೆ.

ಬಂದೂಕಿಗೆ ಅಂಟಿಸುವ ವೈರಿನ ಪಟ್ಟಿ ಸ್ವಿಚ್ ಚೆನ್ನಾಗಿ ಕಾಣುತ್ತದೆ. ಆದರೆ ನಮ್ಮಲ್ಲಿ ಇಲಿ ಇದೆ. ಇಲಿ ಕಡಿಯದಿದ್ದರೂ ಅಂಟು ಬೇಸಿಗೆಯಲ್ಲಿ ಬಿಟ್ಟುಕೊಳ್ಳುತ್ತದೆ. ನಾನಂತೂ ಟಾರ್ಚಿನ ಬಾಲದಲ್ಲೇ ಇರುವ ರಬ್ಬರ್ ಗುಂಡಿಗೆ ವೋಟು ಹಾಕುತ್ತೇನೆ.

ಹೆಜ್ಜೆ 6: ಏಟು ತಡೆಯುತ್ತಾ?

ಹನ್ನೆರಡು ಬೋರು ಹಾರಿದಾಗ ಹೆಗಲಿಗೆ ಬೀಳುವ ಏಟು ಲೈಟಿನೊಳಗಿನ ಸೆಲ್ಲಿಗೂ ಬೀಳುತ್ತದೆ. ಸೆಲ್ ಒಂದು ಕ್ಷಣ ಸ್ಪ್ರಿಂಗಿನಿಂದ ಬಿಟ್ಟುಕೊಂಡರೆ ಲೈಟ್ ಆರುತ್ತದೆ, ಇಲ್ಲವೇ ಮಂದಕ್ಕೆ ಇಳಿಯುತ್ತದೆ. ಎರಡೂ ತುದಿಗೆ ಗಟ್ಟಿ ಸ್ಪ್ರಿಂಗ್ ಇರುವುದನ್ನು ಆರಿಸಿ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಟಾರ್ಚ್ ಹಚ್ಚಿ, ಅದರ ಬಾಲವನ್ನು ಅಂಗೈಗೆ ಜೋರಾಗಿ ನಾಲ್ಕು ಸಲ ಬಡಿಯಿರಿ. ಮುಖವನ್ನೂ ಹಾಗೇ ಬಡಿಯಿರಿ. ಬೆಳಕು ಕಣ್ಣು ಮಿಟುಕಿಸಿದರೆ ಅದು ಕೈ ಟಾರ್ಚಾಗಿರಲಿ, ಬಂದೂಕಿಗೆ ಬೇಡ. ನೀರಿನ ವಿಷಯಕ್ಕೆ ಐಪಿಎಕ್ಸ್7 (ನೀರು ಒಳಹೋಗದಂತೆ ತಡೆಯುವ ಮಟ್ಟ) ಗುರುತು ಇದ್ದರೆ ಸಾಕು.

ಹೆಜ್ಜೆ 7: ಕಟ್ಟುವುದು

ಮೊದಲು ಬಂದೂಕು ತೆರೆದು ಎರಡೂ ನಳಿಗೆ ಖಾಲಿ ಅಂತ ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿ. ಕಾರ್ಟ್ರಿಜ್ ಆ ಕೋಣೆಯಲ್ಲೇ ಇರಬಾರದು.

ಹೆಚ್ಚಿನ ಮನೆಗಳಲ್ಲಿ ಇರುವುದು ಮಡಚಿ ತೆರೆಯುವ ಒಂಟಿ ಅಥವಾ ಜೋಡಿ ನಳಿಗೆಯ ಬಂದೂಕು. ಅಮೆರಿಕದ ಲೈಟ್‌ಗಳು ಕೂರುವ ಹಲ್ಲುಪಟ್ಟಿ, ಅವರು ಪಿಕಾಟಿನಿ ರೇಲ್ ಅನ್ನುತ್ತಾರೆ, ಇದರ ಮೇಲೆ ಇರುವುದಿಲ್ಲ. ಒಂಟಿ ನಳಿಗೆಗೆ ಸುತ್ತುವ ಕ್ಲಾಂಪ್ ಸಿಗುತ್ತದೆ. ಜೋಡಿ ನಳಿಗೆ ಕಷ್ಟ. ಎರಡು ನಳಿಗೆಯನ್ನು ಬೆಸೆದಿರುತ್ತಾರೆ, ಗೋಡೆ ತೆಳು. ದುಂಡನೆಯ ಕ್ಲಾಂಪ್ ಹಾಕಿ ಸ್ಪ್ಯಾನರಿನಲ್ಲಿ ಬಿಗಿದರೆ ನಳಿಗೆ ತಗ್ಗಿಹೋಗಬಹುದು. ತಗ್ಗಿದ ನಳಿಗೆಯಲ್ಲಿ ಹೊಡೆಯುವುದು ಅಪಾಯ. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಅದರ ಮೇಲೆ ಕ್ಲಾಂಪ್ ಇಟ್ಟು, ಕೈಯಲ್ಲೇ ಬಿಗಿಯುವಷ್ಟು ಬಿಗಿ ಸಾಕು. ಅಯಸ್ಕಾಂತದ ಹಿಡಿಕೆ ಮೊದಲ ಗುಂಡಿಗೇ ಜಾರುತ್ತದೆ.

ಜಾಗ ಎಲ್ಲಿ? ಎಡಗೈ ಹಿಡಿಯುವ ಮರದ ಭಾಗಕ್ಕಿಂತ ತುಸು ಮುಂದೆ, ಪಕ್ಕಕ್ಕೆ. ಕೆಳಗೆ ಕಟ್ಟಿದರೆ ನಳಿಗೆಯ ನೆರಳು ಮೇಲಕ್ಕೆ ಬಿದ್ದು ನೀವು ನೋಡಬೇಕಾದ ಜಾಗವೇ ಮಸುಕಾಗುತ್ತದೆ. ಪಕ್ಕಕ್ಕೆ ಕಟ್ಟಿದರೆ ನೆರಳು ಆಚೆ ಪಕ್ಕಕ್ಕೆ ಹೋಗುತ್ತದೆ, ಅದು ವಾಸಿ. ಲೈಟಿನ ಗಾಜು ನಳಿಗೆಯ ಬಾಯಿಗಿಂತ ಒಂದು ಗೇಣು ಹಿಂದಿದ್ದರೆ ಬೆಂಕಿ, ಮಸಿ ಅಷ್ಟು ಬಡಿಯುವುದಿಲ್ಲ. ಕಟ್ಟಿದ ಮೇಲೆ ಬಂದೂಕನ್ನು ಹತ್ತು ಸಲ ಮಡಚಿ ತೆರೆದು ನೋಡಿ. ಎಲ್ಲೂ ತಾಗಬಾರದು. ಹೆಗಲಿಗೆ ಹಾಕುವ ಪಟ್ಟಿ ಗಾಜಿಗೆ ಅಡ್ಡ ಬರಬಾರದು. ಬಂದೂಕು ಮುಂದಕ್ಕೆ ಬಾಗಿದಂತೆ ಭಾರ ಅನ್ನಿಸಿದರೆ ಲೈಟ್ ದೊಡ್ಡದಾಯಿತು ಅಂತ ಅರ್ಥ. ಚಿಕ್ಕದು ನೋಡಿ.

ಹೊಂದಿಕೆಯಾಗಲಿಲ್ಲವಾ? ಬಿಟ್ಟುಬಿಡಿ. ಹಳೇ ಒಳ್ಳೆ ಜೋಡಿ ನಳಿಗೆಯನ್ನು ಲೈಟಿಗಾಗಿ ಕೆಡಿಸೋದಕ್ಕಿಂತ, ಹಣೆಗೆ ಕಟ್ಟುವ ಹೆಡ್‌ಲೈಟ್ ಮೇಲು. ಕೈ ಎರಡೂ ಖಾಲಿ ಇರುತ್ತವೆ, ಬೆಳಕು ನೋಟ ಹೋದ ಕಡೆ ಹೋಗುತ್ತದೆ, ನಳಿಗೆ ನೆಲ ನೋಡುತ್ತಲೇ ಇರಬಹುದು. ಎದುರಿನವನಿಗೆ ನಿಮ್ಮ ತಲೆ ಎಲ್ಲಿದೆ ಅಂತ ತಿಳಿಯುತ್ತದೆ ಅನ್ನೋದು ಅದರ ಕೊರತೆ. ತೋಟದ ಮನೆಗೆ ಅದನ್ನು ನಾನು ದೊಡ್ಡ ಕೊರತೆ ಅಂತ ಎಣಿಸುವುದಿಲ್ಲ.

ಹೆಜ್ಜೆ 8: ಕತ್ತಲಲ್ಲಿ ನೋಡಿ

ಅಮಾವಾಸ್ಯೆ ರಾತ್ರಿ ಒಳ್ಳೆಯದು. ಲೈಟನ್ನು ಬಂದೂಕಿನಿಂದ ಬಿಚ್ಚಿ, ಬಂದೂಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಬರೀ ಲೈಟ್ ಹಿಡಿದು ಜಗುಲಿ ಮೇಲೆ ನಿಲ್ಲಿ. ಮನೆಯವರೊಬ್ಬರು ನಿಮಗೆ ಹೇಳದೆ ಚೊಂಬು, ಮೊಬೈಲ್, ಕುಡುಗೋಲು, ಕೋಲು ಇವುಗಳಲ್ಲಿ ಒಂದನ್ನು ಹಿಡಿದು ಎರಡನೇ ಸಾಲಿನ ತೆಂಗಿನ ಪಕ್ಕ ನಿಲ್ಲಲಿ. ಒಂದು ಸಲ ಲೈಟ್ ಒತ್ತಿ ಬಿಡಿ. ಕೈಯಲ್ಲಿ ಏನಿತ್ತು ಹೇಳಿ. ಆಮೇಲೆ ನಾಲ್ಕನೇ ಸಾಲು, ಆರನೇ ಸಾಲು. ಮೊಬೈಲಿಗೂ ಕುಡುಗೋಲಿಗೂ ವ್ಯತ್ಯಾಸ ಎಲ್ಲಿ ಗೊತ್ತಾಗುವುದು ನಿಂತಿತೋ ಅದೇ ಆ ಲೈಟಿನ ಗಡಿ. ಅಂಕಿ ಏನೇ ಹೇಳಲಿ.

ಮನೆಯೊಳಗೆ ಇನ್ನೊಂದು ಅಭ್ಯಾಸ. ಲೈಟನ್ನು ಎದುರಿಗೆ ಬಿಡಬೇಡಿ, ನೆಲಕ್ಕೆ ಬಿಡಿ. ನಾಲ್ಕೈದು ಅಡಿ ಮುಂದಿನ ರೆಡ್ ಆಕ್ಸೈಡ್ ನೆಲಕ್ಕೋ ಟೈಲ್ಸಿಗೋ ಬಿದ್ದ ಬೆಳಕು ಮೇಲೆದ್ದು ಇಡೀ ಕೋಣೆ ತುಂಬುತ್ತದೆ, ಮುಖ ಕಾಣುತ್ತದೆ. ಲೈಟ್ ಬಂದೂಕಿನ ಮೇಲಿದ್ದಾಗಲೂ ಇದೇ ಪಾಠ. ನಳಿಗೆ ನೆಲಕ್ಕೇ ಇರಲಿ, ಬೆರಳು ಟ್ರಿಗರಿನ ಹೊರಗಿರಲಿ, ಮೊದಲು 'ಯಾರದು?' ಅಂತ ಗಟ್ಟಿಯಾಗಿ ಕೂಗಿ. ಮನೆಯವರೆಲ್ಲರಿಗೂ ಹೇಳಿಟ್ಟಿರಿ: ರಾತ್ರಿ ಹೊರಗೆ ಹೋದವರು ಕೂಗಿದರೆ ಕೂಡಲೇ ಹೆಸರು ಹೇಳಬೇಕು.

ಆಮೇಲಿನ ನಿಗಾ

ಪ್ರತಿ ಅಮಾವಾಸ್ಯೆಗೆ ಲೈಟ್ ಹಚ್ಚಿ ನೋಡಿ, ಕ್ಲಾಂಪ್ ಸಡಿಲವಾಗಿದೆಯಾ ಅಲ್ಲಾಡಿಸಿ. ಗುಂಡು ಹಾರಿಸಿದ ಮೇಲೆ ಗಾಜಿಗೆ ಮಸಿ ಹಿಡಿದಿರುತ್ತದೆ. ಒದ್ದೆ ಹತ್ತಿಯಲ್ಲಿ ಒರೆಸಿದರೆ ಹೋಗುತ್ತದೆ. ಆಯುಧಪೂಜೆ ದಿನ ಅರಿಶಿನ ಕುಂಕುಮ ನಳಿಗೆಗೆ ಇಡಿ, ಗಾಜಿಗೆ ಬೇಡ. ಅಂಚಿನೊಳಗೆ ಕೂತ ಕುಂಕುಮ ದೀಪಾವಳಿಯಾದರೂ ಹೋಗದು. ಬಂದೂಕು, ಕಾರ್ಟ್ರಿಜ್ ಬೇರೆಬೇರೆ ಬೀಗದಲ್ಲಿರಲಿ.

ಚುನಾವಣೆ ಬಂದಾಗ ಬಂದೂಕನ್ನು ಠಾಣೆಯಲ್ಲೋ ಅಂಗಡಿಯಲ್ಲೋ ಠೇವಣಿ ಇಡಲು ಹೇಳುತ್ತಾರೆ. ಒಯ್ಯುವ ಮೊದಲು ಲೈಟ್ ಬಿಚ್ಚಿ, ಸೆಲ್ ತೆಗೆದು ಮನೆಯಲ್ಲೇ ಇಟ್ಟುಕೊಳ್ಳಿ. ರಸೀದಿಯಲ್ಲಿ ಬಂದೂಕಿನ ನಂಬರ್ ಬರೆಯುತ್ತಾರೆ, ಲೈಟಿನದನ್ನಲ್ಲ.